ಎಂಟು ಗಂಟೆಗೆ ಮುಂಚೆ ಯಾರು ಬರುತ್ತಾರೆ

ಮಾರ್ಚ್ 3, ಸೋಮವಾರ. ಬೆಳಗ್ಗೆ 10.20

ಟೂಲ್ ಮತ್ತೆ ಓಪನ್ ಆಗಲಿಲ್ಲ. ಬ್ರೌಸರ್ ತುಂಬ ಬಿಳಿ ಪುಟ, ಮೇಲೆ ಒಂದು ಸಾಲು ಎರರ್. ಶನಿವಾರ ಸಂಜೆ ಸರಿ ಮಾಡಿ, ತೆರೆದು ಮುಚ್ಚಿ ನೋಡಿಯೇ ಮನೆಗೆ ಹೋಗಿದ್ದೆ. ಭಾನುವಾರ ಲ್ಯಾಬ್ ರಜೆ. ಇವತ್ತು ಬಂದರೆ ಸತ್ತು ಬಿದ್ದಿದೆ.

ಕಳೆದ ತಿಂಗಳು ಮೇಲಿನವರು ಅಪ್‌ಡೇಟ್ ಮಾಡಿ ಅಂದರು, ಮಾಡಿದೆ. ಅಂದಿನಿಂದ ಈ ಕಾಟ. ಡೇಟಾಬೇಸ್ ಒಳಗೆ ಕೈಹಾಕಲು ನನಗಿರುವುದು ಈ ಟೂಲ್ ಒಂದೇ. ಯಾರದೋ ರಕ್ತದ ರಿಸಲ್ಟ್ ಇನ್ಯಾರದೋ ಹೆಸರಿಗೆ ಬಿದ್ದಿದ್ದರೆ, ಎಪ್ಪತ್ತರ ಮುದುಕಪ್ಪ ಏಳು ವರ್ಷದ ಮಗುವಾಗಿದ್ದರೆ, ಇಲ್ಲಿಂದಲೇ ತಿದ್ದಬೇಕು. ಇದು ತೆರೆಯದಿದ್ದರೆ ಕೌಂಟರ್ ಮುಂದೆ ಜನ ನಿಂತೇ ಇರುತ್ತಾರೆ. ಬೈಗುಳ ನನಗೆ.

ಕಾರಣ ಗೊತ್ತಿದೆ. ಒಂದು ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ನೆಚ್ಚಿಕೊಳ್ಳುವ ಸಿದ್ಧ ಕೋಡಿನ ಕಟ್ಟು. ಹೆಸರು ಬರೆಯುವುದಿಲ್ಲ, ಬರೆದರೆ ಊಟ ಸೇರುವುದಿಲ್ಲ. ಹೊಸ ಟೂಲ್ ಅದರ ಮೇಲೆ ನಿಂತಿದೆ, ಅದಕ್ಕೆ ಮೂರನೇ ವರ್ಷನ್ನೇ ಬೇಕು. ಸರ್ವರ್‌ನಲ್ಲಿ ನೋಡಿದರೆ ಎರಡನೆಯದು ಕಾಲು ಚಾಚಿಕೊಂಡು ಕೂತಿದೆ. ನಾನು ಮೂರು ಹಾಕುತ್ತೇನೆ. ಮರುದಿನ ಎರಡು. ಮತ್ತೆ ಮೂರು. ಮತ್ತೆ ಎರಡು... ವರ್ಷನ್ ತಾನಾಗಿ ಹಿಂದಕ್ಕೆ ನಡೆಯುವುದಿಲ್ಲ. ಯಾರೋ ನಡೆಸುತ್ತಿದ್ದಾರೆ.

ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ. ಈ ಆಫೀಸಿನ ಯಾವ ಮೆಷಿನ್ನನ್ನೂ ಈಗ ನಂಬುವ ಹಾಗಿಲ್ಲ.

ಮಾರ್ಚ್ 4, ಮಂಗಳವಾರ

ಲಾಗ್ ತೆಗೆದು ನೋಡಿದೆ. ಎರಡನೇ ವರ್ಷನ್ ಇನ್‌ಸ್ಟಾಲ್ ಆದದ್ದು ಬೆಳಗ್ಗೆ ಎಂಟಕ್ಕೆ ಮುಂಚೆ. ನಿನ್ನೆಯೂ ಹಾಗೇ, ಮೊನ್ನೆ ಶನಿವಾರವೂ ಹಾಗೇ. ಲಾಗಿನ್ ‘ಅಡ್ಮಿನ್’. ಅದರಿಂದ ಏನೂ ಗೊತ್ತಾಗುವುದಿಲ್ಲ. ಇಡೀ ಆಫೀಸಿಗೆ ಅದೊಂದೇ ಲಾಗಿನ್, ಪಾಸ್‌ವರ್ಡ್ ಪ್ರಿಂಟರ್ ಮೇಲೆ ಅಂಟಿಸಿದೆ. ರಿಟೈರ್ ಆಗಿ ಹೋದ ಹಳೇ ಸಾರ್ ಕೊಟ್ಟುಹೋದ ಆಸ್ತಿ. ಬದಲಿಸೋಣ ಅಂದರೆ ಮ್ಯಾನೇಜರ್ ಎರಡೂ ಕೈ ಎತ್ತಿದರು — ಎಲ್ಲ ಕೌಂಟರ್‌ಗಳೂ ಅದರ ಮೇಲೇ ನಡೆಯುತ್ತಿವೆಯಂತೆ, ಮುಟ್ಟುವುದು ಬೇಡವಂತೆ.

ಎಂಟಕ್ಕೆ ಮುಂಚೆ ಈ ಮಹಡಿಯಲ್ಲಿ ಇರುವವರು ಇಬ್ಬರೇ.

ಒಬ್ಬಳು ಅಕ್ಕ. ರಿಪೋರ್ಟ್ ಸೆಕ್ಷನ್. ಬೆಳಗಿನ ಪಟ್ಟಿ ಪ್ರಿಂಟ್ ತೆಗೆದು, ಯಾವ ಸ್ಯಾಂಪಲ್ ಯಾವ ಟೇಬಲ್ಲಿಗೆ ಅಂತ ಹಂಚುವುದು ಅವಳ ಕೆಲಸ. ಒಡಹುಟ್ಟಿದವಳಲ್ಲ. ಆದರೆ ನಾನು ಬಸುರಿಯಾಗಿದ್ದಾಗ ನನ್ನ ಡಬ್ಬಿಯನ್ನೂ ಅವಳೇ ತುಂಬಿಸಿ ತರುತ್ತಿದ್ದಳು. ಮೌಸ್‌ನ ಬ್ಯಾಟರಿ ಬದಲಿಸಲೂ ನನ್ನನ್ನೇ ಕೂಗುತ್ತಾಳೆ. ಅವಳನ್ನು ಲೆಕ್ಕಕ್ಕೆ ಹಿಡಿಯುವುದೇ ಬೇಡ.

ಇನ್ನೊಬ್ಬ ಮೂಲೆಯವನು. ಹೊಸಬ, ಇನ್ನೂ ಪ್ರೊಬೇಷನ್. ಈ ತಿಂಗಳ ಕೊನೆಗೆ ಕನ್ಫರ್ಮ್ ಆಗಬೇಕು. ಗೋಡೆಗೆ ಬೆನ್ನು ಹಾಕಿ ಕೂರುತ್ತಾನೆ, ಅವನ ಸ್ಕ್ರೀನ್ ಇವತ್ತಿನವರೆಗೆ ಯಾರೂ ಕಂಡಿಲ್ಲ. ಹತ್ತಿರ ಹೋದರೆ ಪಟ್ಟನೆ ಏನೋ ಮುಚ್ಚುತ್ತಾನೆ. ಮಾತು ಕಡಿಮೆ. ನಮ್ಮ ಕೆಲಸ ಶುರುವಾಗುವುದು ಒಂಬತ್ತೂವರೆಗೆ. ಅಷ್ಟು ಬೇಗ ಬಂದು ಏನು ಮಾಡುತ್ತಾನೆ?

ಮಾರ್ಚ್ 6, ಗುರುವಾರ. ಊಟದ ನಂತರ

ಅಕ್ಕನ ಮುಂದೆ ಬಾಯಿಬಿಟ್ಟೆ. ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿತ್ತು.

“ಬೆಳಗ್ಗೆ ಬಂದ್ರೆ ಟೂಲ್ ಕೆಟ್ಟಿರುತ್ತೆ ಅಕ್ಕಾ. ಯಾರೋ ಬೇಕಂತ ಮಾಡ್ತಿದ್ದಾರೆ.”

ಅವಳ ತುತ್ತು ಅರ್ಧದಲ್ಲೇ ನಿಂತಿತು. “ನಂದೂ ಹಾಗೇನೇ! ನಿನ್ನೆ ಬೆಳಗ್ಗೆ ಸರಿಯಿದ್ದ ಪ್ರಿಂಟ್ ಇವತ್ತು ಬೆಳಗ್ಗೆ ಬರಲ್ಲ. ನನ್ನ ವಯಸ್ಸಿಗೆ ಕೆಟ್ಟಿರೋದು ನನ್ನ ತಲೆನೋ ಮೆಷಿನ್ನೋ ಅಂತ ಸುಮ್ನಿದ್ದೆ.”

“ಯಾವಾಗಿಂದ?”

“ಕಳೆದ ತಿಂಗಳಿಂದ.”

ಕಿವಿ ನೆಟ್ಟಗಾಯಿತು. ನನ್ನದೂ ಕಳೆದ ತಿಂಗಳಿಂದಲೇ.

“ಮತ್ತೆ ಪ್ರಿಂಟ್ ಹೇಗೆ ತೆಗೀತೀಯಾ?”

“ಹೇಗೋ ಮಾಡ್ಕೋತೀನಿ ಬಿಡು,” ಅಂದಳು. ಡಬ್ಬಿಯ ಮುಚ್ಚಳ ಹುಡುಕತೊಡಗಿದಳು.

“ನೀನು ಬರೋ ಹೊತ್ತಿಗೆ ಅವನು ಬಂದಿರ್ತಾನಾ?”

“ನನಗಿಂತ ಮುಂಚೆನೇ ಬಂದು ಕೂತಿರ್ತಾನೆ. ನನ್ನ ನೆರಳು ಕಂಡ್ರೆ ಸಾಕು, ಸ್ಕ್ರೀನ್ ಮುಚ್ತಾನೆ.”

ಇಬ್ಬರೂ ಒಟ್ಟಿಗೇ ಮೂಲೆ ಕಡೆ ನೋಡಿದೆವು. ಅವನು ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ತಪ್ಪು ಮಾಡಿದವನು ತಲೆ ತಗ್ಗಿಸದೆ ಇನ್ನೇನು ಮಾಡುತ್ತಾನೆ.

ಮಾರ್ಚ್ 7, ಶುಕ್ರವಾರ

ನಿನ್ನೆ ಸಂಜೆ ಬಲೆ ಹಾಕಿ ಹೋಗಿದ್ದೆ. ಲೈಬ್ರರಿಯ ಫೋಲ್ಡರ್ ಒಳಗೆ ಒಂದು ಪುಟ್ಟ ಫೈಲ್. ಅದರಲ್ಲಿ ಒಂದೇ ಸಾಲು: ‘ಮುಟ್ಟಬೇಡ. ನೀನು ಯಾರು ಅಂತ ನನಗೆ ಗೊತ್ತು.’

ಇವತ್ತು ಬಂದು ನೋಡಿದರೆ ಫೈಲೇ ಇಲ್ಲ. ಓದಿದ್ದಾನೆ, ಓದಿ ಅಳಿಸಿದ್ದಾನೆ. ಎಂಥ ಧೈರ್ಯ!

ಹನ್ನೊಂದಕ್ಕೆ ನೀರು ಹಿಡಿಯಲು ಹೋದಾಗ ಅವನೇ ಮಾತಿಗೆ ಬಂದ.

“ಇವತ್ತೂ ಓಪನ್ ಆಗ್ಲಿಲ್ವಾ ಮೇಡಂ?”

“ನಿಮಗೆ ಹೇಗೆ ಗೊತ್ತು?”

“ಅಲ್ಲ... ನಿಮ್ಮ ಮುಖ ನೋಡಿ ಕೇಳ್ದೆ.”

ನನ್ನ ಮುಖದ ಮೇಲೆ ಎರರ್ ಮೆಸೇಜ್ ಬರುತ್ತದಂತೆ! ಬೆಣ್ಣೆಯಂಥ ಮಾತು. ಬಾಟಲಿ ಅರ್ಧ ತುಂಬುವ ಮೊದಲೇ ಜಾಗ ಖಾಲಿ ಮಾಡಿದ.

ಮಾರ್ಚ್ 8, ಶನಿವಾರ. ಮನೆ

ಇವರಿಗೆ ಎಲ್ಲ ಹೇಳಿದೆ. ಮಗಳ ಸೈಕಲ್ಲಿನ ಚೈನ್ ಹಾಕುತ್ತಾ ಕೇಳಿಸಿಕೊಂಡರು.

“ಅವನಿಗೆ ಅದರಿಂದ ಏನು ಲಾಭ?”

“ನನ್ನ ಕೈಲಿ ಆಗಲ್ಲ ಅಂತ ತೋರಿಸಿದ್ರೆ ನನ್ನ ಜಾಗ ಅವನಿಗೆ.”

“ನಿನಗೆ ನಮ್ಮನೆ ಫ್ರಿಜ್ ಮೇಲೂ ಅನುಮಾನ. ಬಾಗಿಲು ಹಾಕಿದ ಮೇಲೆ ಲೈಟ್ ಆರುತ್ತೋ ಇಲ್ವೋ ಅಂತ ಫೋನ್ ಇಟ್ಟು ವಿಡಿಯೋ ತೆಗೆದವಳು.”

“ಆರ್ತಿತ್ತು ತಾನೇ? ಗೊತ್ತಾಯ್ತಲ್ಲ.”

“ಸರಿ. ನಿನ್ನ ಆ ಟೂಲ್‌ನ ಯಾರೂ ಮುಟ್ಟದ ಹಾಗೆ ಬೇರೆ ಇಡೋಕಾಗಲ್ವಾ?”

ಆಗುತ್ತದೆ. ಸರ್ವರ್‌ನಲ್ಲೇ ಅದಕ್ಕೊಂದು ಪ್ರತ್ಯೇಕ ಕೋಣೆ ಕಟ್ಟಿ, ಅದರ ಲೈಬ್ರರಿಗಳನ್ನೆಲ್ಲ ಅದರೊಳಗೇ ಇಟ್ಟರೆ, ಹೊರಗೆ ಯಾರು ಏನು ಹಾಕಿದರೂ ಇದಕ್ಕೆ ತಾಗುವುದಿಲ್ಲ. ಅರ್ಧ ದಿನದ ಕೆಲಸ.

“ಮತ್ತೆ ಯಾಕೆ ಮಾಡಿಲ್ಲ?”

“ಮಾಡಿದ್ರೆ ಅವನು ಸಿಕ್ಕಿಬೀಳಲ್ಲ.”

ಇವರು ಚೈನ್ ಬಿಟ್ಟು ನನ್ನ ಮುಖ ನೋಡಿದರು. ಕೈ ತೊಳೆಯಲು ಹೋದರು.

ಮಾರ್ಚ್ 12, ಬುಧವಾರ

ಇವತ್ತೂ ಎರಡು. ಕೌಂಟರ್‌ನಲ್ಲಿ ಒಬ್ಬ ಹೆಂಗಸು ಅತ್ತಳು. ತಂದೆಯ ಆಪರೇಷನ್‌ಗೆ ರಿಪೋರ್ಟ್ ಬೇಕಿತ್ತು, ಹೆಸರು ತಪ್ಪಾಗಿತ್ತು, ತಿದ್ದಲು ಟೂಲ್ ಇರಲಿಲ್ಲ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಅಕ್ಕನನ್ನು ಕರೆದುಕೊಂಡು ಸೀದಾ ಮ್ಯಾನೇಜರ್ ಕೋಣೆಗೆ ಹೋದೆ.

ಮೊದಲು ನಾನು ಹೇಳಿದೆ. ಆಮೇಲೆ ಅಕ್ಕ ಹೇಳಿದಳು. ಮ್ಯಾನೇಜರ್ ಪೆನ್ನಿನ ಕ್ಯಾಪ್ ಕಚ್ಚುತ್ತಾ ಕೇಳಿದರು.

“ಒಬ್ಬರೇ ಬಂದಿದ್ರೆ ಏನೋ ಜಗಳ ಅಂದ್ಕೋತಿದ್ದೆ. ಬೇರೆ ಬೇರೆ ಸೆಕ್ಷನ್, ಬೇರೆ ಬೇರೆ ಕೆಲಸ, ಇಬ್ಬರೂ ಒಂದೇ ಮಾತು ಹೇಳ್ತಿದ್ದೀರಿ ಅಂದ್ಮೇಲೆ ಸುಮ್ನೆ ಬಿಡೋಕಾಗಲ್ಲ. ಯಾರ ಮೇಲೆ ಅನುಮಾನ?”

ಹೇಳಿದೆ. ಅಕ್ಕ ತಲೆಯಾಡಿಸಿದಳು.

“ಹದಿನೆಂಟಕ್ಕೆ ಕೂತು ತೀರ್ಮಾನ ಮಾಡೋಣ. ನಿಜ ಅಂತಾದ್ರೆ ಅವನನ್ನ ಕನ್ಫರ್ಮ್ ಮಾಡೋ ಪ್ರಶ್ನೆನೇ ಇಲ್ಲ. ಮನೆಗೆ ಹೋಗ್ಲಿ.”

ಹೊರಗೆ ಬಂದು ಅಕ್ಕ ನನ್ನ ಕೈ ಒತ್ತಿದಳು. ಬಹಳ ದಿನದ ಮೇಲೆ ಹಗುರವೆನಿಸಿತು.

ಮಾರ್ಚ್ 13, ಗುರುವಾರ

ಅವನನ್ನು ಕರೆದು ಕೇಳಿದರಂತೆ. ‘ನಾನು ಮಾಡಿಲ್ಲ’ ಅಂದನಂತೆ. ಬೇರೆ ಏನೂ ಹೇಳಲಿಲ್ಲವಂತೆ. ಮಂಗಳವಾರದವರೆಗೆ ಬರುವುದು ಬೇಡ ಅಂದಿದ್ದಾರೆ.

ಮಧ್ಯಾಹ್ನ ಮೆಟ್ಟಿಲ ಹತ್ತಿರ ಅಡ್ಡ ನಿಂತ. ಹೆಗಲಲ್ಲಿ ಬ್ಯಾಗು.

“ಒಂದು ನಿಮಿಷ ಮೇಡಂ. ಒಳಗೆ ಹೇಳೋಕಾಗದೇ ಇರೋದು ಒಂದಿದೆ.”

“ಹೇಳಿ.”

“ನನಗೆ ಅದು ಮಾಡೋಕೆ ಬರೋದೇ ಇಲ್ಲ. ಹಿಂದಿನ ಕೆಲಸದಲ್ಲಿ ಬರೀ ಎಂಟ್ರಿ ಮಾಡ್ತಿದ್ದೆ. ಇಲ್ಲಿ ಇಂಟರ್‌ವ್ಯೂನಲ್ಲಿ ಸರ್ವರ್ ಕೆಲಸನೂ ಬರುತ್ತೆ ಅಂದ್ಬಿಟ್ಟೆ. ಮಗಳನ್ನ ಸ್ಕೂಲಿಗೆ ಬಿಟ್ಟು ಸೀದಾ ಇಲ್ಲಿಗೆ ಬಂದು, ಯಾರೂ ಇಲ್ಲದಾಗ ವಿಡಿಯೋ ನೋಡಿ ಕಲೀತಾ ಇದ್ದೆ. ಅದಕ್ಕೇ ಸ್ಕ್ರೀನ್ ಮುಚ್ತಿದ್ದೆ.”

“ಇದನ್ನ ಮ್ಯಾನೇಜರ್‌ಗೆ ಹೇಳಬೇಕಿತ್ತು.”

“ಹೇಳಿದ್ರೆ ಆ ಆರೋಪದಿಂದ ಬಿಡ್ತಾರೆ, ಈ ಸುಳ್ಳಿಗೆ ತೆಗೀತಾರೆ. ಎರಡೂ ಒಂದೇ ಅಲ್ವಾ ಮೇಡಂ? ವರ್ಷನ್ ಹಿಂದೆ ಹಾಕೋದು ಎಷ್ಟು ಕೆಲಸ ಅಂತ ಗೊತ್ತಿರೋದು ನಿಮಗೊಬ್ಬರಿಗೇ. ಅದಕ್ಕೆ ನಿಮಗೆ ಹೇಳ್ದೆ.”

ಇಳಿದು ಹೋದ. ಒಳ್ಳೆ ನಾಟಕ ಅಂದುಕೊಂಡೆ. ಕಣ್ಣು ಬೇರೆ ಒದ್ದೆ ಮಾಡಿಕೊಂಡಿದ್ದ. ಸಂಜೆ ಮನೆಗೆ ಹೊರಡುವ ಮೊದಲು ಟೂಲ್ ಸರಿಮಾಡಿ ಮೂರು ಹಾಕಿದೆ. ನಾಳೆ ಅವನು ಇರುವುದಿಲ್ಲ. ನಾಳೆ ತೆರೆಯುತ್ತದೆ.

ಮಾರ್ಚ್ 14, ಶುಕ್ರವಾರ. 9.40

ತೆರೆಯಲಿಲ್ಲ.

ಎರಡನೇ ವರ್ಷನ್. ಎಂಟಕ್ಕೆ ಮುಂಚೆ.

10.30

ಮನೆಯಿಂದಲೇ ಮಾಡಿರಬಹುದಾ? ಹೊರಗಿನಿಂದ ಸರ್ವರ್ ಒಳಗೆ ಬರುವ ದಾರಿ ಇಲ್ಲ. ಅಪ್‌ಡೇಟ್ ಹಾಕಿದ ದಿನ ನಾನೇ ಮುಚ್ಚಿದ್ದೆ. ಮತ್ತೊಮ್ಮೆ ನೋಡಿದೆ, ಮುಚ್ಚಿಯೇ ಇದೆ. ಯಾರಿಗಾದರೂ ಹೇಳಿ ಮಾಡಿಸಿದನಾ? ಯಾರಿಗೆ? ಅವನ ಜೊತೆ ಇಲ್ಲಿ ಯಾರೂ ಊಟಕ್ಕೂ ಕೂರುವುದಿಲ್ಲ.

ಎಂಟಕ್ಕೆ ಮುಂಚೆ ಬರುವವರು ಇಬ್ಬರು. ಒಬ್ಬ ಬಂದಿಲ್ಲ.

ಇಲ್ಲ. ಛೇ. ಬ್ಯಾಟರಿ ಬದಲಿಸಲೂ ಬಾರದವಳು.

ಮಾರ್ಚ್ 15, ಶನಿವಾರ. ಬೆಳಗ್ಗೆ 8.10

ಏಳೂವರೆಗೇ ಬಂದೆ. ಗುಡಿಸುವವರು ಇನ್ನೂ ಕುರ್ಚಿ ಸರಿಸುತ್ತಿದ್ದರು. ಮೊದಲು ಸರ್ವರ್ ನೋಡಿದೆ, ಮೂರನೇ ವರ್ಷನ್ ಇತ್ತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತೆ.

ಅಕ್ಕ ಬಂದಳು. “ಏನೇ ಇಷ್ಟು ಬೇಗ?” ಅಂದಳು. ಬ್ಯಾಗ್ ಇಟ್ಟಳು, ಕನ್ನಡಕ ಒರೆಸಿದಳು, ಮೆಷಿನ್ ಆನ್ ಮಾಡಿದಳು. ಪ್ರಿಂಟ್ ಕೊಡಲಿಲ್ಲ. ಅದಕ್ಕೂ ಮೊದಲು, ಮನೆಗೆ ಬಂದ ಕೂಡಲೇ ಚಪ್ಪಲಿ ಬಿಡುವಷ್ಟು ಸಹಜವಾಗಿ, ಸ್ಕ್ರೀನಿನ ತುದಿಯಲ್ಲಿದ್ದ ಹಸಿರು ಗುಂಡಿ ಒತ್ತಿದಳು. ಕಪ್ಪು ಕಿಟಕಿಯೊಂದು ತೆರೆಯಿತು. ಸಾಲುಗಳು ಓಡಿದವು. ಫೋಲ್ಡರ್ ಅಳಿಸಿಹೋಯಿತು. ಲೈಬ್ರರಿ ಇಳಿಯಿತು. ಎರಡನೇ ವರ್ಷನ್.

“ಅಕ್ಕಾ... ಅದೇನದು?”

ಅವಳ ಮುಖ ಕೆಂಪಾಯಿತು. “ಬೈಬೇಡ. ಹಳೇ ಸಾರ್ ಹಾಕಿಕೊಟ್ಟಿದ್ದು. ಪ್ರಿಂಟ್ ಬರದಿದ್ರೆ ಇದನ್ನ ಒತ್ತಮ್ಮ, ಎಲ್ಲ ಮೊದಲಿನ ಹಾಗಾಗುತ್ತೆ, ಯಾರಿಗೂ ಹೇಳ್ಬೇಡ, ಹೊಸಬರು ನೋಡಿದ್ರೆ ಕಿತ್ತು ಹಾಕ್ತಾರೆ ಅಂದಿದ್ರು. ಮೊದಲು ಯಾವಾಗಲೋ ಒಮ್ಮೆ ಒತ್ತುತ್ತಿದ್ದೆ. ಈಗ ದಿನಾ ಕೆಟ್ಟಿರುತ್ತಲ್ಲ, ಬಂದ ತಕ್ಷಣ ಒತ್ತಿಬಿಡ್ತೀನಿ.”

‘ಹೇಗೋ ಮಾಡ್ಕೋತೀನಿ’ ಅಂದದ್ದು ಇದು.

ಎಲ್ಲ ಅರ್ಥವಾಯಿತು. ಅವಳ ಪ್ರಿಂಟ್‌ಗೆ ಎರಡು ಬೇಕು. ನನ್ನ ಟೂಲ್‌ಗೆ ಮೂರು. ಲೈಬ್ರರಿ ಇರುವ ಜಾಗ ಒಂದೇ. ಬೆಳಗ್ಗೆ ಅವಳು ನನ್ನದನ್ನು ಕೆಡಿಸುತ್ತಿದ್ದಳು, ಹತ್ತಕ್ಕೆ ನಾನು ಅವಳದನ್ನು. ನನ್ನ ಆ ಘನವಾದ ಎಚ್ಚರಿಕೆಯ ಸಾಲನ್ನು ಯಾರೂ ಓದಿರಲಿಲ್ಲ, ಗುಂಡಿ ಫೋಲ್ಡರ್ ಸಮೇತ ಗುಡಿಸಿ ಹಾಕಿತ್ತು. ಒಬ್ಬರನ್ನೊಬ್ಬರು ಹಾಳುಮಾಡಿಕೊಂಡು, ಒಟ್ಟಿಗೆ ಕೂತು ಉಂಡು, ಮೂರನೆಯವನ ಕಡೆ ಬೆರಳು ತೋರಿಸಿದ್ದೆವು.

ಹೇಳಿದೆ. ಅಕ್ಕ ಬಾಯಿ ಮೇಲೆ ಕೈ ಇಟ್ಟಳು. “ಅಂದ್ರೆ ನನ್ನದನ್ನ ಕೆಡಿಸ್ತಿದ್ದವಳು ನೀನಾ?” ಅಂದಳು. ಇಬ್ಬರಿಗೂ ನಗು ಬಂತು. ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಖಾಲಿ ಮೂಲೆ ಕಣ್ಣಿಗೆ ಬಿತ್ತು. ನಗು ನಿಂತಿತು.

“ಮ್ಯಾನೇಜರ್‌ಗೆ ಹೇಳ್ಬೇಕು ಅಕ್ಕಾ.”

“ಹುಚ್ಚಾ ನಿನಗೆ? ಇಬ್ಬರೂ ಹೋಗಿ ಅವನ ಹೆಸರು ಹೇಳಿ ಬಂದಿದ್ದೀವಿ. ಈಗ ನಾವೇ ಅಂದ್ರೆ ಮುಖ ಎಲ್ಲಿ ಇಟ್ಕೊಳ್ಳೋದು? ನನಗೆ ಇನ್ನು ಎರಡು ವರ್ಷ ಇದೆ, ಮರ್ಯಾದೆಯಿಂದ ಮುಗಿಸ್ತೀನಿ. ಅವನು ಚಿಕ್ಕವನು. ಬೇರೆ ಕಡೆ ಸಿಗುತ್ತೆ.”

“ಈ ಹೆಸರು ಹೊತ್ಕೊಂಡು ಹೋದ್ರೆ ಯಾರು ಕೊಡ್ತಾರೆ?”

ಪ್ರಿಂಟ್ ಬರತೊಡಗಿತ್ತು, ಹಾಳೆ ಎತ್ತಿಕೊಂಡು ಹೋದಳು.

ಮಾರ್ಚ್ 16, ಭಾನುವಾರ

ಏನೂ ತೀರ್ಮಾನಿಸಿಲ್ಲ. ಇವರು ಕೇಳಿದರು, ಸಿಕ್ಕಿದನಾ ಅಂತ. ಸಿಕ್ಕಿದೆವು ಅಂದೆ. ಅವರಿಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳಲು ನಾಚಿಕೆಯಾಯಿತು.

ಅಕ್ಕ ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ನನಗಿಂತ ಮೊದಲೇ ಹೋಗಿ, ತಪ್ಪನ್ನೆಲ್ಲ ನನ್ನ ಮೇಲೇ ಹಾಕಿಬಿಡುತ್ತಾಳಾ? ಇಷ್ಟು ವರ್ಷದ ಅಕ್ಕನ ಬಗ್ಗೆ ಹೀಗೆ ಯೋಚಿಸುತ್ತಿದ್ದೇನೆ. ಅವಳೂ ಅಲ್ಲಿ ಕೂತು ನನ್ನ ಬಗ್ಗೆ ಇದನ್ನೇ ಯೋಚಿಸುತ್ತಿರಬೇಕು.

ಮಾರ್ಚ್ 18, ಮಂಗಳವಾರ. ಸಂಜೆ

ಹೇಳಿದೆ. ಅವನೂ ಕೂತಿದ್ದ, ಅಕ್ಕನೂ ಕೂತಿದ್ದಳು. ಎರಡು ವರ್ಷನ್, ಹಸಿರು ಗುಂಡಿ, ನನ್ನ ಬಲೆ, ಬೇರೆ ಕೋಣೆ ಕಟ್ಟಿದರೆ ಸರಿಹೋಗುತ್ತದೆ ಅನ್ನುವುದು, ಎಲ್ಲ ಹೇಳಿದೆ. ಅವನಿಗೆ ಕೆಲಸ ಬರುವುದಿಲ್ಲ ಅನ್ನುವುದೊಂದನ್ನು ಮಾತ್ರ ಬಿಟ್ಟೆ. ಅವನು ಇಡೀ ಹೊತ್ತು ನನ್ನ ಬಾಯನ್ನೇ ನೋಡುತ್ತಿದ್ದ, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ. ಹೇಳಲಿಲ್ಲ.

“ಬೇರೆ ಕೋಣೆ ಕಟ್ಟೋದು ಎಷ್ಟು ಹೊತ್ತಿನ ಕೆಲಸ?” ಮ್ಯಾನೇಜರ್ ಕೇಳಿದರು.

“ಅರ್ಧ ದಿನ ಸಾರ್.”

“ಮತ್ತೆ ಇಷ್ಟು ದಿನ ಏನು ಮಾಡ್ತಿದ್ರಿ?”

“ಕಳ್ಳನ್ನ ಹುಡುಕ್ತಿದ್ದೆ ಸಾರ್.”

ಅವರು ಪೆನ್ನಿನ ಕ್ಯಾಪ್ ಬಾಯಿಂದ ತೆಗೆದರು. ನನಗೂ ಅಕ್ಕನಿಗೂ ಮೆಮೋ. ಅವನಿಗೆ ಇನ್ನೊಂದು ತಿಂಗಳ ಪ್ರೊಬೇಷನ್ — ‘ಈ ಗಲಾಟೆಯಲ್ಲಿ ಕೆಲಸ ನೋಡೋಕೇ ಆಗಿಲ್ಲ, ಏಪ್ರಿಲ್ ಕೊನೆಗೆ ನೋಡೋಣ’. ಅನ್ಯಾಯ. ಆದರೆ ಅದನ್ನು ಹೇಳುವ ಬಾಯಿ ನನಗೆ ಉಳಿದಿರಲಿಲ್ಲ.

ಹೊರಗೆ ಅಕ್ಕ ಮೆತ್ತಗೆ ಅಂದಳು, “ನಿನ್ನ ಭಾಗ ನೀನು ಹೇಳ್ಕೊಂಡಿದ್ರೆ ಸಾಕಿತ್ತು. ನನ್ನ ಗುಂಡಿ ಯಾಕೆ ಎಳೆದೆ?”

ಅದಿಲ್ಲದೆ ಕಥೆ ನಿಲ್ಲುತ್ತಿರಲಿಲ್ಲ ಅಕ್ಕಾ. ಅನ್ನಬೇಕೆಂದುಕೊಂಡೆ. ಅವಳು ಆಗಲೇ ಹೋಗಿದ್ದಳು.

ಏಪ್ರಿಲ್ 2, ಬುಧವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಟೂಲ್‌ಗೆ ಅದರ ಕೋಣೆ, ಪ್ರಿಂಟ್‌ಗೆ ಅದರ ಕೋಣೆ. ಎರಡೂ ಅವುಗಳ ಪಾಡಿಗೆ ಇವೆ. ಹಸಿರು ಗುಂಡಿ ನಾನೇ ತೆಗೆದೆ. ಅಕ್ಕ ಪಕ್ಕದಲ್ಲೇ ನಿಂತು ನೋಡಿದಳು. ಈಗ ಬೆಳಗ್ಗೆ ಅವಳ ಮೌಸ್ ಒಂದು ಕ್ಷಣ ಆ ಖಾಲಿ ಜಾಗಕ್ಕೆ ಹೋಗಿ ಬರುತ್ತದೆ.

ಊಟ ಅವಳು ಅವಳ ಸೆಕ್ಷನ್‌ನಲ್ಲೇ ಮಾಡುತ್ತಾಳೆ. ನಾನು ಇಲ್ಲಿ. ಅವಳ ಡಬ್ಬಿಯಿಂದ ಒಂದು ತುತ್ತು ಇಲ್ಲದೆ ಊಟ ಊಟದ ಹಾಗಿಲ್ಲ, ಇದನ್ನು ಬರೆದೇ ಬಿಡುತ್ತೇನೆ.

ಊಟದ ಹೊತ್ತಲ್ಲಿ ಮೂಲೆಯವನಿಗೆ ಕಲಿಸುತ್ತೇನೆ. ವರ್ಷನ್ ಅಂದರೇನು, ಯಾವುದು ಯಾವುದರ ಮೇಲೆ ನಿಂತಿದೆ, ಒಂದನ್ನು ಎಳೆದರೆ ಯಾವುದು ಬೀಳುತ್ತದೆ. ನಿಧಾನ ಕಲಿಯುತ್ತಾನೆ. ಆದರೆ ಸ್ಕ್ರೀನ್ ಮುಚ್ಚುವುದಿಲ್ಲ. ಮೇಜನ್ನೂ ತಿರುಗಿಸಿ ಹಾಕಿಕೊಂಡಿದ್ದಾನೆ.

ಏಪ್ರಿಲ್ 9, ಬುಧವಾರ. 9.50

ಬಿಳಿ ಪುಟ. ಒಂದು ಸಾಲು ಎರರ್.

ಆಗಲು ಸಾಧ್ಯವೇ ಇಲ್ಲ. ಬೇರೆ ಕೋಣೆ ಇದೆ. ಒಳಗೆ ಹೋಗಿ ನೋಡಿದೆ. ಎರಡನೇ ವರ್ಷನ್, ನನ್ನ ಕೋಣೆಯ ಒಳಗೇ. ಎಂಟಕ್ಕೆ ಮುಂಚೆ.

ಗುಂಡಿ ತೆಗೆದದ್ದು ಅವಳಿಗೆ ಸಹಿಸಲಾಗಲಿಲ್ಲ. ಇನ್ನೊಂದು ಪ್ರತಿ ಎಲ್ಲೋ ಇಟ್ಟುಕೊಂಡಿದ್ದಾಳೆ. ಹಳೇ ಸಾರ್‌ಗೆ ಫೋನ್ ಮಾಡಿ ಹೊಸದು ಮಾಡಿಸಿಕೊಂಡಿರಲೂಬಹುದು. ಹಿಂದೆ ಗೊತ್ತಿಲ್ಲದೆ ಮಾಡಿದ್ದು, ಸರಿ. ಇದು ಬೇಕಂತಲೇ. ಬೆಳಗ್ಗೆ ನಾನು ಬಂದಾಗ ನನ್ನ ನೋಡಿ ಮುಗುಳ್ನಕ್ಕಳಲ್ಲ, ಇಷ್ಟು ದಿನ ಇಲ್ಲದ್ದು ಇವತ್ತೇ ಯಾಕೆ ನಗಬೇಕಿತ್ತು? ಈಗಲೂ ಅಲ್ಲಿಂದ ಇತ್ತಲೇ ನೋಡುತ್ತಿದ್ದಾಳೆ. ಕೈಯಲ್ಲಿ ಡಬ್ಬಿ ಇದೆ. ಈ ಹೊತ್ತಿನಲ್ಲಿ ಡಬ್ಬಿ ಯಾಕೆ? ನಾಟಕ. ಈ ಸಲ ಮ್ಯಾನೇಜರ್ ಹತ್ತಿರ ಒಬ್ಬಳೇ ಹೋಗಿ —

ಮೂಲೆಯವನು ಬಂದು ಮೇಜಿನ ಮುಂದೆ ನಿಂತಿದ್ದಾನೆ.

“ಮೇಡಂ, ಅದು ನಾನು ಕೆಡಿಸಿದ್ದು. ಬೆಳಗ್ಗೆ ಬಂದು ನೀವು ಹೇಳಿಕೊಟ್ಟಿದ್ದನ್ನ ಮಾಡಿ ನೋಡೋಣ ಅಂತ ಕೂತೆ. ತಪ್ಪು ಕೋಣೆಗೆ ಹೋಗಿಬಿಟ್ಟೆ. ಮ್ಯಾನೇಜರ್ ಬಂದ ತಕ್ಷಣ ನಾನೇ ಹೇಳ್ತೀನಿ. ಮೊದಲು ನಿಮಗೆ ಹೇಳ್ಬೇಕು ಅನ್ನಿಸ್ತು.”

ಇನ್ನೂ ಮೂರು ವಾರ ಪ್ರೊಬೇಷನ್ ಇದೆ ಇವನಿಗೆ. ಆದರೂ ಬಂದು ಹೇಳುತ್ತಿದ್ದಾನೆ, ಎಲ್ಲರಿಗೂ ಕೇಳುವ ಹಾಗೆ.

ತಲೆ ಎತ್ತಿದೆ. ಅಕ್ಕ ಡಬ್ಬಿ ಹಿಡಿದು ಅರ್ಧ ದಾರಿಗೆ ಬಂದಿದ್ದವಳು ಅಲ್ಲೇ ನಿಂತಿದ್ದಾಳೆ. ಅವನ ಮಾತು ಅವಳಿಗೂ ಕೇಳಿಸಿದೆ. ಈಗ ಅವನನ್ನು ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ. ನಾನು ಬಾಯಿಬಿಟ್ಟು ಏನೂ ಅಂದಿಲ್ಲ. ಆದರೂ ಅವಳಿಗೆ ಗೊತ್ತಾಗಿಹೋಗಿದೆ, ಇಷ್ಟು ಹೊತ್ತು ನಾನು ಯಾರನ್ನು —